ಸಂದರ್ಭಸಹಿತ ಸ್ವಾರಸ್ಯ ವಿವರಿಸಿ

ಕರ್ನಾಟಕದಲ್ಲಿ ಕನ್ನಡ ಓದಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತವರಾರೂ ಮೇಲಿನ ಶೀರ್ಷಿಕೆಯನ್ನು ಮರೆತಿರಲಾರರು. ಪಾಠದಿಂದಲೋ ಪದ್ಯದಿಂದಲೋ ಆಯ್ದ ಒಂದು ಮಾತನ್ನು ಕೊಟ್ಟು, ಅದರ ಸಂದರ್ಭವನ್ನೂ ಸ್ವಾರಸ್ಯವನ್ನೂ ವಿವರಿಸಿರೆಂದು ಕೇಳುತ್ತಿದ್ದರು. ನಮ್ಮೆಲ್ಲರ ಉತ್ತರದ ಮೊದಲ ವಾಕ್ಯ ಒಂದೇ: ‘ಈ ವಾಕ್ಯವನ್ನು ಇಂಥವರು ಬರೆದ ಇಂಥ ಪಾಠದಿಂದ ಆರಿಸಿಕೊಳ್ಳಲಾಗಿದೆ.’ ಎರಡನೆಯದು, ಯಾರು ಯಾರಿಗೆ ಯಾವಾಗ ಹೇಳಿದರೆಂಬುದು. ಮೂರನೆಯದು ಸ್ವಾರಸ್ಯ. ಅಲ್ಲಿಗೆ ಬರುವ ವೇಳೆಗೆ ಗೈಡಿನ ಸಾಲು ನೆನಪಾದರೆ ಪುಣ್ಯ. ಆಗದಿದ್ದರೆ ‘ಇಲ್ಲಿ ಕವಿಯ ವರ್ಣನೆ ಬಹಳ ಸ್ವಾರಸ್ಯವಾಗಿದೆ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಸ್ವಾರಸ್ಯವೆಂದರೇನೆಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. 1978ರಲ್ಲಿ ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಹೋಗಿ ಆ ಪರೀಕ್ಷೆ ಬರೆದ ನನಗೆ ಅದರ ಅರ್ಥ ತಿಳಿದದ್ದು ಮೂವತ್ತೊಂದು ವರ್ಷಗಳ ಮೇಲೆ, ಅಮೆರಿಕದ ನಮ್ಮ ಮನೆಯ ಊಟದ ಮೇಜಿನ ಮುಂದೆ. ಕಲಿಸಿದವಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳು. ಅವಳಿಗೆ ಕಲಿಸಿದ್ದು ಅವಳ ಇಂಗ್ಲಿಷ್ ತರಗತಿ.

ಈ ಮಾತನ್ನು ಕನ್ನಡ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಎರಡು ವರ್ಷಕ್ಕೊಮ್ಮೆ ನಾವು ಒಂದೆಡೆ ಸೇರಿ ಕನ್ನಡದ ಹಿರಿಮೆಯನ್ನು ಕೊಂಡಾಡುತ್ತೇವೆ. ಮಕ್ಕಳು ಕನ್ನಡ ಮಾತನಾಡುವುದಿಲ್ಲವೆಂದು ಕೊರಗುತ್ತೇವೆ. ಆ ಕೊರಗಿಗೆ ಇಂಗ್ಲಿಷೇ ಕಾರಣವೆಂದು ದೂರುತ್ತೇವೆ. ನನ್ನ ಅಭಿಪ್ರಾಯ ಬೇರೆ. ನಮ್ಮ ಮಕ್ಕಳು ಇಲ್ಲಿನ ಇಂಗ್ಲಿಷ್ ತರಗತಿಯಲ್ಲಿ ಕಲಿಯುವ ಓದಿನ ಕ್ರಮ ಕನ್ನಡಕ್ಕೆ ಶತ್ರುವಲ್ಲ. ಅದು ನಮ್ಮದೇ ಹಳೆಯ ಒಡವೆ. ಪರೀಕ್ಷೆಯ ಭರದಲ್ಲಿ ನಾವು ಅದನ್ನು ಅಡವಿಟ್ಟು ಮರೆತಿದ್ದೇವೆ. ಅದನ್ನು ಬಿಡಿಸಿಕೊಂಡು ನಮ್ಮ ಭಾನುವಾರದ ಕನ್ನಡ ಶಾಲೆಗಳಿಗೆ ತರದ ಹೊರತು, ಹನ್ನೆರಡು ವರ್ಷ ತುಂಬಿದ ಮಕ್ಕಳನ್ನು ಅಲ್ಲಿ ಉಳಿಸಿಕೊಳ್ಳುವುದು ಸಾಧ್ಯವಿಲ್ಲ.

2009ರ ಫೆಬ್ರವರಿಯ ಒಂದು ಸಂಜೆ ಮಗಳ ಮೇಜಿನ ಮೇಲೆ ಜೊನಾಥನ್ ಸ್ವಿಫ್ಟನ ‘ಎ ಮಾಡೆಸ್ಟ್ ಪ್ರೊಪೋಸಲ್’ ಎಂಬ ಪ್ರಬಂಧವಿತ್ತು. 1729ರಲ್ಲಿ ಡಬ್ಲಿನ್ನಿನಲ್ಲಿ ಕಿರುಹೊತ್ತಿಗೆಯಾಗಿ ಅಚ್ಚಾದ ಬರಹ ಅದು. ವೃತ್ತಿಯಿಂದ ಇಂಜಿನಿಯರನಾದ ನಾನು ಕುತೂಹಲದಿಂದ ಓದತೊಡಗಿದೆ. ಐರ್ಲೆಂಡಿನಲ್ಲಿ ಬಡವರ ಮನೆಗಳಲ್ಲಿ ವರ್ಷಕ್ಕೆ 1,20,000 ಮಕ್ಕಳು ಹುಟ್ಟುತ್ತವೆ. ಅದರಲ್ಲಿ 20,000ವನ್ನು ವಂಶಾಭಿವೃದ್ಧಿಗೆ ಉಳಿಸಿಕೊಂಡು, ಮಿಕ್ಕ 1,00,000ವನ್ನು ವರ್ಷ ತುಂಬಿದೊಡನೆ ಸಿರಿವಂತರ ಊಟಕ್ಕೆ ಮಾರಬಹುದು. ತಾಯಿತಂದೆಗಳಿಗೆ ಹಣ, ದೇಶಕ್ಕೆ ಲಾಭ. ಹೀಗೆ ಸಾಗುತ್ತದೆ ವಾದ. ನಾನು ಹೌಹಾರಿದೆ. ಇಂಥದ್ದನ್ನು ಮಕ್ಕಳ ಕೈಗೆ ಕೊಡುತ್ತಾರೆಯೇ ಎಂದೆ. “ಲೆಕ್ಕವೇನೋ ಸರಿಯಾಗಿದೆ, ಈ ಮನುಷ್ಯನ ಬುದ್ಧಿ ಸರಿಯಿಲ್ಲ” ಎಂದೆ. ಮಗಳು ನಕ್ಕಳು. “ಅಪ್ಪ, ಲೆಕ್ಕ ಅಷ್ಟು ಸರಿಯಾಗಿರುವುದೇ ಇಲ್ಲಿನ ಟೋನ್” ಎಂದಳು.

ಅವಳು ಬಿಡಿಸಿ ಹೇಳಿದ ಮೇಲೆ ನನಗೆ ಅರಿವಾಯಿತು. ಇಲ್ಲಿ ಮಾತನಾಡುವವನು ಸ್ವಿಫ್ಟನಲ್ಲ. ಸ್ವಿಫ್ಟ್ ಸೃಷ್ಟಿಸಿದ ಒಬ್ಬ ತಣ್ಣನೆಯ ಲೆಕ್ಕಿಗ. ಹಸಿವಿನಿಂದ ಸಾಯುತ್ತಿರುವವರನ್ನು ಅಂಕಿಗಳಾಗಿ ಮಾತ್ರ ಕಾಣಬಲ್ಲ ಸಜ್ಜನ. ಡಬ್ಲಿನ್ನಿನ ಪ್ರಧಾನ ಇಗರ್ಜಿಯೊಂದರ ಡೀನ್ ಆಗಿದ್ದ ಸ್ವಿಫ್ಟನ ಉದ್ದೇಶ, ಆ ಬಗೆಯ ಸಜ್ಜನಿಕೆಯನ್ನೇ ಬಯಲಿಗೆಳೆಯುವುದು. ಪ್ರಬಂಧದ ಕೊನೆಯ ಭಾಗದಲ್ಲಿ, ಊರಲ್ಲಿಲ್ಲದೆ ಗೇಣಿ ಮಾತ್ರ ಎತ್ತುವ ಭೂಮಾಲಿಕರಿಗೆ ತೆರಿಗೆ ಹಾಕುವುದು, ಸ್ವದೇಶಿ ವಸ್ತುಗಳನ್ನೇ ಬಳಸುವುದು ಮುಂತಾದ ನಿಜವಾದ ಪರಿಹಾರಗಳನ್ನು ಆ ಲೆಕ್ಕಿಗ ಒಂದೊಂದಾಗಿ ಹೆಸರಿಸಿ, ಇವುಗಳ ಮಾತನ್ನು ನನ್ನ ಮುಂದೆ ಎತ್ತಬೇಡಿ ಎನ್ನುತ್ತಾನೆ. ಸ್ವಿಫ್ಟನಿಗೆ ಬೇಕಾದದ್ದು ಅವೇ. ಹೇಳಬೇಕಾದುದನ್ನು ‘ಹೇಳಬೇಡಿ’ ಎಂಬುದರೊಳಗೆ ಅಡಗಿಸಿಟ್ಟ ಬರಹ ಅದು. ಅಕ್ಷರಶಃ ಓದಿದವನಿಗೆ ಅದು ರಾಕ್ಷಸ ಕೃತ್ಯ. ಧಾಟಿ ಹಿಡಿದು ಓದಿದವನಿಗೆ ಕರುಳಿನ ಕೂಗು. ಹದಿನೈದರ ಹುಡುಗಿಗೆ ಎಟುಕಿದ್ದು ನಲವತ್ತೇಳರ ನನಗೆ ಎಟುಕಲಿಲ್ಲ. ನನಗೆ ಇಂಗ್ಲಿಷ್ ಬಾರದೆಂದಲ್ಲ. ಓದಿದ ಮಾತನ್ನು ಪ್ರಶ್ನಿಸುವ ಅಭ್ಯಾಸ ನನಗಿರಲಿಲ್ಲ.

ಆ ಅಭ್ಯಾಸವನ್ನು ಇಲ್ಲಿನ ಶಾಲೆಗಳು ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತವೆ. ಕೆಳಗಿನ ತರಗತಿಗಳಲ್ಲಿ, ಲೇಖಕನ ಉದ್ದೇಶ ಒಪ್ಪಿಸುವುದೋ, ತಿಳಿಸುವುದೋ, ರಂಜಿಸುವುದೋ ಎಂದು ಕೇಳುತ್ತಾರೆ. 2010ರಲ್ಲಿ ಪ್ರಕಟವಾಗಿ ಬಹುತೇಕ ರಾಜ್ಯಗಳು ಅಂಗೀಕರಿಸಿದ ಕಾಮನ್ ಕೋರ್ ಮಾನದಂಡಗಳು, ಪದಗಳ ಆಯ್ಕೆ ಬರಹದ ಧಾಟಿಯನ್ನು ಹೇಗೆ ರೂಪಿಸುತ್ತದೆ, ಉದ್ದೇಶವು ಶೈಲಿಯನ್ನು ಹೇಗೆ ತಿದ್ದುತ್ತದೆ ಎಂಬುದನ್ನು ಓದಿನ ಗುರಿಗಳಲ್ಲೇ ಸೇರಿಸಿದವು. ಹೈಸ್ಕೂಲಿನ ಎ.ಪಿ. ಇಂಗ್ಲಿಷ್ ಭಾಷಾ ಪರೀಕ್ಷೆಯ ಮೂರು ಪ್ರಬಂಧಗಳಲ್ಲಿ ಒಂದು, ಕೊಟ್ಟ ಬರಹದ ಮಾತಿನ ತಂತ್ರವನ್ನು ಬಿಡಿಸುವುದಕ್ಕೇ ಮೀಸಲು. 2024ರಿಂದ ಅಮೆರಿಕದಲ್ಲಿ ಪೂರ್ತಿ ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಸ್ಯಾಟ್ ಪರೀಕ್ಷೆಯಲ್ಲೂ ಒಂದೊಂದು ಕಿರು ಭಾಗವನ್ನು ಕೊಟ್ಟು ಇದರ ಮುಖ್ಯ ಉದ್ದೇಶವೇನೆಂದು ಕೇಳುವುದುಂಟು. ಅನೇಕ ಶಾಲೆಗಳಲ್ಲಿ ಇದಕ್ಕೊಂದು ನೆನಪಿನ ಸೂತ್ರವಿದೆ: ಮಾತನಾಡುವವರು ಯಾರು, ಸಂದರ್ಭ ಯಾವುದು, ಕೇಳುವವರು ಯಾರು, ಉದ್ದೇಶವೇನು, ವಿಷಯವೇನು, ಧಾಟಿ ಎಂಥದು. ಈ ಆರು ಇಂಗ್ಲಿಷ್ ಪದಗಳ ಅಕ್ಷರಗಳನ್ನು ಕೂಡಿಸಿದರೆ ‘ಸೋಪ್‌ಸ್ಟೋನ್’ ಎಂದಾಗುತ್ತದೆ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಕಡೆದ ಬಳಪದ ಕಲ್ಲಿಗೆ ಇಂಗ್ಲಿಷಿನಲ್ಲಿರುವ ಹೆಸರೂ ಅದೇ. ನಮ್ಮ ಜಿಲ್ಲೆಯ ಕಲ್ಲು ಇಷ್ಟು ದೂರ ಬಂದು ನನಗೆ ಪಾಠ ಹೇಳಿತೆಂದು ನಾನು ತಮಾಷೆ ಮಾಡುವುದುಂಟು.

ನಿಜವಾದ ಪಾಠವಾದದ್ದು ಅದೇ ತಿಂಗಳು. ಊರಿನಲ್ಲಿ ಒಬ್ಬರೇ ಇದ್ದ ನಮ್ಮ ತಾಯಿ, ಫೋನಿನಲ್ಲಿ ಮಾತು ಅರ್ಧಕ್ಕೆ ನಿಲ್ಲುತ್ತದೆಂದು ಕಾಗದವನ್ನೇ ಬರೆಯುತ್ತಿದ್ದರು. ಆ ಸಲದ ಕಾಗದವನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ‘ಚಿರಂಜೀವಿ ಮಗನಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು. ಇತ್ತ ಕ್ಷೇಮ. ನನ್ನ ವಿಷಯ ಯೋಚನೆ ಬೇಡ. ಮೊಣಕಾಲು ಈಗ ಪರವಾಗಿಲ್ಲ. ಅಟ್ಟದ ಕೋಣೆಗೆ ಬೀಗ ಹಾಕಿದ್ದೇನೆ. ಹಿತ್ತಿಲ ಮಾವು ಈ ವರ್ಷ ಚೆನ್ನಾಗಿ ಹೂ ಬಿಟ್ಟಿದೆ, ತಿನ್ನುವವರಿಲ್ಲ ಅಷ್ಟೇ. ರಜಕ್ಕೆ ನೀವು ಬರಲೇಬೇಕೆಂದೇನಿಲ್ಲ, ಮಕ್ಕಳ ಓದು ಮುಖ್ಯ. ನಾನು ಆರಾಮಾಗಿದ್ದೇನೆ.’ ಓದಿ ಮಡಿಸಿಟ್ಟೆ. ಅಮ್ಮ ಆರಾಮಾಗಿದ್ದಾರೆ, ಈ ವರ್ಷ ಟಿಕೆಟ್ಟಿನ ಖರ್ಚು ಉಳಿಯಿತೆಂದು ಮನಸ್ಸಿನಲ್ಲೇ ಅಂದುಕೊಂಡದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮಗಳು ಮತ್ತೊಮ್ಮೆ ಓದು ಎಂದಳು. ಓದಿದೆ. “ಅಜ್ಜಿ ಚೆನ್ನಾಗಿದ್ದೇನೆ ಅಂತ ನಾಲ್ಕು ಸಲ ಹೇಳಿದ್ದಾರೆ. ಚೆನ್ನಾಗಿರುವವರು ನಾಲ್ಕು ಸಲ ಯಾಕೆ ಹೇಳುತ್ತಾರೆ?” ಎಂದಳು. ‘ಇತ್ತ ಕ್ಷೇಮ’ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡ, ಅದು ಎಲ್ಲರೂ ಎಲ್ಲ ಕಾಗದದಲ್ಲೂ ಬರೆಯುವ ಒಕ್ಕಣೆ ಎಂದೆ. “ಸರಿ, ಮೂರು ಸಲ. ಮೊಣಕಾಲು ವಾಸಿಯಾಗಿದ್ದರೆ ಅಟ್ಟದ ಕೋಣೆಗೆ ಬೀಗ ಯಾಕೆ ಹಾಕಿದರು?” ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಅವಳು, ಇದರಲ್ಲಿ ಯಾವ ಪದ ದುಃಖದ ಪದ ಎಂದು ಕೇಳಿದಳು. ನಾನು ಕಾಗದವನ್ನು ಮತ್ತೆ ಬಿಡಿಸಿ ನೋಡಿದೆ. ‘ಅಷ್ಟೇ’. ಇಂಗ್ಲಿಷಿಗೆ ತಿರುಗಿಸಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಕನ್ನಡದಲ್ಲಿ ನಮ್ಮ ಹಿತ್ತಿಲು, ಹೂ ಬಿಟ್ಟ ಮರ, ಕೆಳಗೆ ಬಿದ್ದು ಕೊಳೆಯಲಿರುವ ಹಣ್ಣು, ಎಲ್ಲವೂ ಅದರೊಳಗಿದ್ದವು.

ಆ ಜೂನಿನಲ್ಲಿ ಎಲ್ಲರೂ ಹೋದೆವು. ಅಮ್ಮ ನಡುಮನೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದರು. ಕೋಲು ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದರು. “ನಿಮಗೆ ಯಾರೋ ಹೇಳಿದರು” ಎಂದು ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟರು. “ನೀನೇ ಬರೆದಿದ್ದೆಯಲ್ಲಮ್ಮ” ಎಂದೆ. “ನಾನೆಲ್ಲಿ ಬರೆದೆ? ಬರಬೇಡಿ ಅಂತಲ್ಲವೇ ಬರೆದದ್ದು?” ಎಂದರು. ಅಮ್ಮನೊಡನೆ ನಾವೆಲ್ಲರೂ ಕೂಡಿ ಕಳೆದ ಕೊನೆಯ ಬೇಸಿಗೆ ಅದು.

ಆ ಕಾಗದವನ್ನು ಓದಲು ಇಬ್ಬರು ಬೇಕಾದರೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಪ್ರಶ್ನೆ ಕೇಳುವುದು ಮಗಳಿಗೆ ಗೊತ್ತಿತ್ತು, ಆದರೆ ಒಕ್ಕಣೆ ಯಾವುದು, ಕರುಳಿನ ಮಾತು ಯಾವುದು ಎಂದು ತಿಳಿಯದು. ಅದು ನನಗೆ ತಿಳಿದಿತ್ತು, ಆದರೆ ಕೇಳುವುದೇ ಗೊತ್ತಿರಲಿಲ್ಲ. ನಮ್ಮ ಸಮುದಾಯದ ಇಂದಿನ ಸ್ಥಿತಿಯೂ ಹೀಗೆಯೇ ಇದೆ. ಹಿರಿಯರ ಬಳಿ ಭಾಷೆ ಇದೆ, ಕಿರಿಯರ ಬಳಿ ಓದುವ ಕ್ರಮವಿದೆ, ಎರಡೂ ಒಂದು ಮೇಜಿಗೆ ಬರುತ್ತಿಲ್ಲ.

ಈ ಕ್ರಮ ಪರಕೀಯವೆಂದು ಹೇಳುವವರಿಗೆ ಒಂದೆರಡು ಸಂಗತಿಗಳನ್ನು ನೆನಪಿಸಬೇಕು. ಇಂಗ್ಲಿಷ್ ತರಗತಿಯಲ್ಲಿ ಇಂದು ಕೇಳುವ ‘ಟೋನ್’ ಮತ್ತು ‘ಉದ್ದೇಶ’ಗಳಿಗೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಪ್ರಮುಖರು ಐ.ಎ. ರಿಚರ್ಡ್ಸ್. ಕೇಂಬ್ರಿಜ್ಜಿನ ವಿದ್ಯಾರ್ಥಿಗಳಿಗೆ ಕವಿಯ ಹೆಸರಿಲ್ಲದ ಪದ್ಯಗಳನ್ನು ಕೊಟ್ಟು, ಅವರು ಬರೆದ ಅಭಿಪ್ರಾಯಗಳನ್ನು ಪರಿಶೀಲಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಗ್ರಂಥವನ್ನು ಪ್ರಕಟಿಸಿದರು. ಸುಶಿಕ್ಷಿತರೂ ಎಷ್ಟು ಎಡವುತ್ತಾರೆಂಬುದನ್ನು ಆ ಪುಸ್ತಕ ತೋರಿಸಿತು. ಮಾತಿನ ಅರ್ಥದಲ್ಲಿ ನಾಲ್ಕು ಎಳೆಗಳುಂಟು ಎಂದರು ರಿಚರ್ಡ್ಸ್: ಹೇಳಿದ ವಿಷಯ, ಅದರ ಬಗ್ಗೆ ಭಾವ, ಕೇಳುವವರ ಬಗ್ಗೆ ಇರುವ ಧಾಟಿ, ಮತ್ತು ಉದ್ದೇಶ.

ಅದಕ್ಕಿಂತ ಎಂಟು ಶತಮಾನಗಳಿಗೂ ಹಿಂದೆ ಕಾಶ್ಮೀರದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ, ಮಾತಿನ ಸೂಚ್ಯಾರ್ಥ ಹೊಳೆಯುವುದಕ್ಕೆ ಏನೇನನ್ನು ಗಮನಿಸಬೇಕೆಂದು ಪಟ್ಟಿ ಮಾಡಿದ್ದಾನೆ. ಹೇಳುವವನು, ಕೇಳುವವನು, ಕಾಕು, ಅಂದರೆ ದನಿಯ ಏರಿಳಿತ, ಪ್ರಸ್ತಾವ, ದೇಶ, ಕಾಲ ಇವೆಲ್ಲವೂ ಅದರಲ್ಲಿವೆ. ಮಗಳ ಬಳಪದ ಕಲ್ಲಿನ ಸೂತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ! ‘ಸೂರ್ಯ ಮುಳುಗಿದ’ ಎಂಬ ಒಂದೇ ವಾಕ್ಯ ದನಗಾಹಿಗೆ ದನ ಅಟ್ಟಿಕೊಂಡು ಬಾ ಎಂದಾಗುತ್ತದೆ, ಅಭಿಸಾರಿಕೆಗೆ ಹೊರಡು ಎಂದಾಗುತ್ತದೆ ಎಂಬ ಉದಾಹರಣೆ ಕಾವ್ಯಮೀಮಾಂಸೆಯಲ್ಲಿ ಸುಪ್ರಸಿದ್ಧ. ಕಾವ್ಯದ ಪ್ರಯೋಜನಗಳನ್ನೂ ಮಮ್ಮಟ ಆರೆಂದು ಎಣಿಸಿದ್ದಾನೆ. ಅವುಗಳಲ್ಲಿ ಕೊನೆಯದು ಕಾಂತೆಯಂತೆ ಒಲಿಸಿ ತಿಳಿಹೇಳುವುದು. ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲೇ ಧ್ವನಿಯನ್ನು ಕಾವ್ಯದ ಆತ್ಮವೆಂದು ಸಾರಿದ್ದ. ಹೆಚ್ಚುಕಡಮೆ ಅದೇ ಕಾಲದ, ಸುಮಾರು ಕ್ರಿ.ಶ. 850ರ ನಮ್ಮ ‘ಕವಿರಾಜಮಾರ್ಗ’ವು ಧ್ವನಿಯನ್ನು ಅಲಂಕಾರಗಳ ನಡುವೆ ಹೆಸರಿಸುತ್ತದೆ. ಶಾಸ್ತ್ರಬದ್ಧವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪಳಗಿದ ಮತಿಯುಳ್ಳವರು ಈ ನಾಡಿನವರೆಂದು ಹೊಗಳುತ್ತದೆ. ಇದೆಲ್ಲವನ್ನೂ ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ತಿಳಿಗನ್ನಡದಲ್ಲಿ ವಿವರಿಸಿಕೊಟ್ಟಿದ್ದಾರೆ. ನಮ್ಮಲ್ಲಿ ಎಷ್ಟು ಮನೆಗಳ ಕಪಾಟಿನಲ್ಲಿ ಆ ಪುಸ್ತಕವಿದೆಯೋ ನೋಡಿಕೊಳ್ಳಬೇಕು.

ಶಾಸ್ತ್ರದ ಮಾತು ಹಾಗಿರಲಿ. ಹಾಲಿನ ಪಾತ್ರೆ ಉರುಳಿಸಿದ ಮಗುವಿಗೆ “ಭಾರಿ ಚೆನ್ನಾಗಿ ಮಾಡಿದೆ!” ಎಂದರೆ, ಅದು ಹೊಗಳಿಕೆಯಲ್ಲವೆಂದು ಮೂರು ವರ್ಷದ ಮಗುವಿಗೂ ತಿಳಿಯುತ್ತದೆ. ದಾಸರು ನಿಂದಾಸ್ತುತಿಯಲ್ಲಿ ದೇವರನ್ನೇ ಗದರಿಸಿದಾಗ ಯಾವ ಅಜ್ಜಿಯೂ ಅದನ್ನು ಬೈಗುಳವೆಂದು ತಿಳಿಯಲಿಲ್ಲ. ಸ್ವಿಫ್ಟನನ್ನು ಕಂಡು ಹೌಹಾರಿದ ನಾನು, ಬಾಲ್ಯದಲ್ಲಿ ಅಂಥ ಎಷ್ಟೋ ಹಾಡುಗಳನ್ನು ಕೇಳಿ ತಲೆದೂಗಿದವನೇ. ನಮ್ಮ ಶಾಲೆಯಲ್ಲೂ ಉಪಮಾಲಂಕಾರಕ್ಕೆ ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಎಂಬ ನಾಲ್ಕು ಅಂಗಗಳನ್ನು ಹೇಳಿಕೊಟ್ಟರು. ಆ ಕವಿ ಅಲ್ಲಿ ಆ ಹೋಲಿಕೆಯನ್ನೇ ಏಕೆ ತಂದ ಎಂಬ ಐದನೆಯ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಸ್ವಾರಸ್ಯವೆಂದರೆ ಆ ಐದನೆಯ ಪ್ರಶ್ನೆ.

ಇಲ್ಲಿನ ಇಂಗ್ಲಿಷ್ ತರಗತಿಯೆಲ್ಲವೂ ಅಮೃತವೆಂದು ನಾನು ಹೇಳಲಾರೆ. ಅಲ್ಲಿಯೂ ಗೈಡಿನ ರೋಗ ಉಂಟು. ‘ಓದುಗರ ಮನಸ್ಸಿನಲ್ಲಿ ಚಿತ್ರ ಮೂಡಿಸಲು ಲೇಖಕರು ಪ್ರತಿಮೆಯನ್ನು ಬಳಸಿದ್ದಾರೆ’ ಎಂಬ ವಾಕ್ಯವನ್ನು ಯಾವ ಬರಹಕ್ಕಾದರೂ ಅಂಟಿಸಬಹುದು; ನಮ್ಮ ‘ವರ್ಣನೆ ಬಹಳ ಸ್ವಾರಸ್ಯವಾಗಿದೆ’ ಎಂಬುದರ ಸೋದರ ಅದು. ಧಾಟಿಗೆ ಹೆಸರು ಕೊಡುವ ಪದಗಳ ಪಟ್ಟಿಯನ್ನೇ ಉರುಹೊಡೆದು, ಕವಿತೆಯನ್ನು ಓದದೆ ಉತ್ತರ ಬರೆಯುವ ಮಕ್ಕಳನ್ನೂ ಕಂಡಿದ್ದೇನೆ. ಇನ್ನೊಂದು ಆಕ್ಷೇಪ ಹೆಚ್ಚು ಗಹನವಾದುದು: ಲೇಖಕನ ಉದ್ದೇಶ ನಮಗೆ ಹೇಗೆ ತಿಳಿಯಬೇಕು? ಲೇಖಕನ ಮನಸ್ಸನ್ನು ಅಳತೆಗೋಲಾಗಿ ಹಿಡಿಯುವುದು ಸಲ್ಲದೆಂದು ವಿಮ್ಸ್ಯಾಟ್ ಮತ್ತು ಬಿಯರ್ಡ್ಸ್‌ಲಿ ಎಂಬ ವಿದ್ವಾಂಸರು 1946ರಷ್ಟು ಹಿಂದೆಯೇ ವಾದಿಸಿದರು. ನನ್ನ ಉತ್ತರ ಅಮ್ಮನ ಕಾಗದದಲ್ಲಿದೆ. ಬರೆದವರನ್ನೇ ಕೇಳಿದಾಗ ‘ನಾನೆಲ್ಲಿ ಬರೆದೆ?’ ಎಂದರು. ಆದರೆ ಬೀಗವೂ ಮಾವಿನ ಮರವೂ ‘ಅಷ್ಟೇ’ ಎಂಬ ಪದವೂ ಕಾಗದದಲ್ಲಿಯೇ ಇದ್ದವು. ಉದ್ದೇಶವನ್ನು ಮಾತಿನಲ್ಲಿ ಹುಡುಕಬೇಕು, ಮಾತಿನಿಂದಲೇ ಸಾಧಿಸಿ ತೋರಿಸಬೇಕು.

ಮೂರನೆಯ ಆಕ್ಷೇಪ ನಮ್ಮ ಕನ್ನಡ ಶಾಲೆಗಳ ಶಿಕ್ಷಕರದು, ಅದು ನ್ಯಾಯವಾದದ್ದು. ವಾರಕ್ಕೆ ಒಂದೆರಡು ಗಂಟೆ ಸಿಗುವ ಪಾಠದಲ್ಲಿ ಕಾಗುಣಿತವೇ ಮುಗಿಯದಿರುವಾಗ ಧ್ವನಿಯ ಮಾತೆಲ್ಲಿ ಎನ್ನುತ್ತಾರೆ. ಬಿಡುವಿನ ದಿನವನ್ನು ಸಂಬಳವಿಲ್ಲದೆ ಮಕ್ಕಳಿಗಾಗಿ ಧಾರೆ ಎರೆಯುವ ಅವರಿಗೆ ನನ್ನ ನಮಸ್ಕಾರ. ಆದರೂ ವಿನಯದಿಂದ ಕೇಳುತ್ತೇನೆ: ವಾರದ ಐದು ದಿನ ಶೇಕ್ಸ್‌ಪಿಯರನ ವ್ಯಂಗ್ಯವನ್ನು ಬಿಡಿಸುವ ಹುಡುಗನಿಗೆ ಭಾನುವಾರ ‘ಇದು ಬೆಕ್ಕು, ಅದು ಮರ’ ಎಂದು ಓದಿಸಿದರೆ, ಅವನು ಕನ್ನಡವನ್ನು ಎಳೆಮಕ್ಕಳ ಭಾಷೆಯೆಂದು ತೀರ್ಮಾನಿಸಿದರಲ್ಲಿ ಆಶ್ಚರ್ಯವೇನಿದೆ? ಅವನು ಶಾಲೆ ಬಿಡುವುದು ಕನ್ನಡ ಕಷ್ಟವೆಂದಲ್ಲ, ಅದರಲ್ಲಿ ತನ್ನ ಬುದ್ಧಿಗೆ ಕೆಲಸವಿಲ್ಲವೆಂದು.

ಆದ್ದರಿಂದ ನನ್ನ ಸಲಹೆಗಳನ್ನು ಪ್ರತಿನಿಧಿಗಳ ಮುಂದಿಡುತ್ತೇನೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ಪ್ರತಿ ವಾರ ಅರ್ಧ ಗಂಟೆಯನ್ನು ಕೇಳುವ ಓದಿಗೆ ಮೀಸಲಿಡೋಣ. ಅಕ್ಷರ ಬಾರದಿದ್ದರೂ ಅಡ್ಡಿಯಿಲ್ಲ. ಒಬ್ಬರು ಓದಿ ಒಬ್ಬರು ವ್ಯಾಖ್ಯಾನಿಸುವ ಗಮಕದ ಸಂಪ್ರದಾಯ ನಮ್ಮದು, ಧ್ವನಿ ಮೊದಲು ಸೇರುವುದು ಕಿವಿಗೆ. ಪಠ್ಯ ಚಿಕ್ಕದಿರಲಿ, ಆದರೆ ಎಳಸಾಗಿರದಿರಲಿ: ಒಂದು ಗಾದೆ, ಒಂದು ವಚನ, ಒಂದು ನಿಂದಾಸ್ತುತಿ, ಮಾಸ್ತಿಯವರ ‘ಮೊಸರಿನ ಮಂಗಮ್ಮ’ದ ಒಂದು ಪುಟ. ಮೊಸರು ಮಾರುವವಳು ತನ್ನ ಸೊಸೆಯ ಮೇಲಿನ ಕೋಪವನ್ನು ಮೊಸರು ಕೊಳ್ಳುವ ಮನೆಯಾಕೆಗೆ ಹೇಳಿಕೊಳ್ಳುವ ಆ ಕಥೆಯಲ್ಲಿ ಯಾರು ಯಾರಿಗೆ ಏಕೆ ಹೇಳುತ್ತಿದ್ದಾರೆಂಬ ಪ್ರಶ್ನೆಗೆ ಇಡೀ ತರಗತಿ ಸಾಲುವುದಿಲ್ಲ. ಊರಿನಿಂದ ಬರುವ ಫೋನಿನ ಧ್ವನಿ ಸಂದೇಶಗಳನ್ನೂ ಪಾಠವಾಗಿಸಬಹುದು. ಮಕ್ಕಳು ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಲಿ, ಬೇಡವೆನ್ನದಿರೋಣ. ಆದರೆ ಆ ಉತ್ತರಕ್ಕೆ ಆಧಾರವಾಗಿ ಒಂದು ಕನ್ನಡ ಪದವನ್ನು ತೋರಿಸಲೇಬೇಕೆಂಬ ನಿಯಮವಿರಲಿ. ಆ ಒಂದು ಪದ ಅವರಲ್ಲಿ ಉಳಿಯುತ್ತದೆ. ಕಡೆಯದಾಗಿ, ಇದಕ್ಕೆ ಪರೀಕ್ಷೆ ಬೇಡ. ಪರೀಕ್ಷೆ ಬಂದ ಮರುದಿನ ಗೈಡು ಬರುತ್ತದೆ.

ಕಾಲೇಜು ಮುಗಿಸಿದ ನಮ್ಮ ಮಕ್ಕಳನ್ನು ಸಾಂಸ್ಕೃತಿಕ ಕಾರ್ಯಕ್ರಮದ ನೃತ್ಯಕ್ಕೆ ಮಾತ್ರ ಕರೆಯದೆ ಈ ತರಗತಿಗಳಿಗೂ ಕರೆಯೋಣ. ಓದುವ ಕ್ರಮ ಅವರಲ್ಲಿದೆ; ಒಕ್ಕಣೆ ಯಾವುದು, ಕರುಳಿನ ಮಾತು ಯಾವುದೆಂದು ಹೇಳಲು ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತರೆ ಸಾಕು.

ನನ್ನ ಮಗಳು ಈಗ ತನ್ನ ಊರಿನ ಕನ್ನಡ ಶಾಲೆಯಲ್ಲಿ ದೊಡ್ಡ ಮಕ್ಕಳಿಗೆ ಪಾಠ ಹೇಳುತ್ತಾಳೆ. ಕಳೆದ ವರ್ಷ ಒಂದು ಭಾನುವಾರ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅವಳು ಹಲಗೆಯ ಮೇಲೆ ‘ಅಷ್ಟೇ’ ಎಂದು ಬರೆದು, ಈ ಪದವನ್ನು ನಿಮ್ಮ ಮನೆಯಲ್ಲಿ ಯಾರು ಯಾವಾಗ ಹೇಳುತ್ತಾರೆಂದು ಕೇಳಿದಳು. ಅಂಗಡಿಯಲ್ಲಿ ಅಮ್ಮ ಹೇಳುತ್ತಾರೆ, ಕೋಪ ಬಂದಾಗ ಅಪ್ಪ ಹೇಳುತ್ತಾರೆ ಎಂದು ಮಕ್ಕಳು ಒಬ್ಬೊಬ್ಬರಾಗಿ ಹೇಳಿದರು. ಕೊನೆಗೆ ಒಬ್ಬ ಹುಡುಗ, ನಮ್ಮಜ್ಜಿ ಫೋನಿನಲ್ಲಿ ಹೇಳುತ್ತಾರೆ ಎಂದ. ‘ಮತ್ತೇನಿಲ್ಲ, ಅಷ್ಟೇ’ ಅಂತ. ಅದನ್ನು ಹೇಳಿ ಅಜ್ಜಿ ಏನು ಮಾಡುತ್ತಾರೆಂದು ಮಗಳು ಕೇಳಿದಳು. ಹುಡುಗ ಸ್ವಲ್ಪ ಯೋಚಿಸಿ, “ಫೋನ್ ಇಡುವುದಿಲ್ಲ” ಎಂದ.